ಸ್ಯಾಂಡ್‌ಹರ್ಸ್ಟ್‌ಗೆ ಹೋದ ಮಡಿಕೇರಿಯ ಹುಡುಗ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಮನೆತನ. ಎಂಟನೆಯ ವಯಸ್ಸಿಗೇ ಕೂನೂರಿನ ಸೇಂಟ್ ಜೋಸೆಫ್ ಶಾಲೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್. ನಮ್ಮ ವ್ಯಕ್ತಿಪರಿಚಯದ ಪಾಠಗಳು ಇಲ್ಲಿಂದ ನೇರವಾಗಿ ಯುದ್ಧಭೂಮಿಗೆ ಜಿಗಿಯುತ್ತವೆ. ಕೈಲಾಂಚದ ಅಭ್ಯಾಸ ಬೋಧನೆಗೆ ಪಾಠಯೋಜನೆ ಬರೆಯುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಕೆಲವು ವರ್ಷಗಳು, ಅಂದರೆ ಅವರು ವಿದ್ಯಾರ್ಥಿಯೂ ಕೆಡೆಟ್ಟೂ ಆಗಿದ್ದ ಕಾಲ.

ಸೇನಾಧಿಕಾರಿಗಳನ್ನು ತಯಾರು ಮಾಡುವ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸ್ಥಾನ ಸಿಕ್ಕಿದ್ದು 1918ರಲ್ಲಿ. ಹೋದವರಲ್ಲಿ ಹಲವರು ತೇರ್ಗಡೆಯಾಗಲಿಲ್ಲ. ಬುದ್ಧಿ ಕಡಿಮೆಯಿತ್ತೆಂದಲ್ಲ. ಅಲ್ಲಿನ ಭಾಷೆ, ಊಟ, ಆಟ, ಕಲಿಸುವ ರೀತಿ ಯಾವುದಕ್ಕೂ ಇಲ್ಲಿನ ಶಾಲೆಗಳು ಅವರನ್ನು ಅಣಿಗೊಳಿಸಿರಲಿಲ್ಲ. ಆ ಕೊರತೆ ತುಂಬಲೆಂದು 1922ರ ಮಾರ್ಚಿನಲ್ಲಿ ಡೆಹ್ರಾಡೂನಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು ತೆರೆಯಿತು. ತಿಮ್ಮಯ್ಯ ಅದರ ಮೊದಲ ವಿದ್ಯಾರ್ಥಿಗಳಲ್ಲೊಬ್ಬರು. ಜೂನ್ ತಿಂಗಳಲ್ಲಿ ನಾವು ಮಾಡುವ ಸೇತುಬಂಧವನ್ನೇ ವರ್ಷಗಟ್ಟಲೆ ಹಿಗ್ಗಿಸಿದಂತೆ ಎಂದು ನಾನು ಅರ್ಥಮಾಡಿಕೊಂಡೆ.

ಅಲ್ಲಿಂದ ಸ್ಯಾಂಡ್‌ಹರ್ಸ್ಟ್, 1926ರ ಫೆಬ್ರುವರಿಯಲ್ಲಿ ಕಮಿಷನ್. ಅಂಥ ಶಾಲೆಗಳ ಶುಲ್ಕ ಕಟ್ಟಬಲ್ಲ ಮನೆ ಅವರದು. ರೇಷ್ಮೆಗೂಡು ಮಾರಿ ಫೀಸು ಕಟ್ಟುವ ಮನೆಗಳ ಮಕ್ಕಳಿಂದ ಇದನ್ನು ಮುಚ್ಚಿಡಬಾರದು. 1932ರಲ್ಲಿ ಡೆಹ್ರಾಡೂನಿನಲ್ಲೇ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾದ ಮೇಲೆ ಕಡಲು ದಾಟುವ ಅಗತ್ಯ ಉಳಿಯಲಿಲ್ಲ. ಇಂದು ಎನ್‌ಸಿಸಿಯ 'ಸಿ' ಪ್ರಮಾಣಪತ್ರ ಪಡೆದ ಪದವೀಧರರಿಗೆ ಅಧಿಕಾರಿ ತರಬೇತಿಗೆ ವಿಶೇಷ ಪ್ರವೇಶವೂ ಇದೆ.

ಪಾಠದ ನಡುವೆ ಒಬ್ಬ ಹುಡುಗಿ ಎದ್ದು, ಬ್ರಿಟಿಷರ ಸೈನ್ಯಕ್ಕೆ ಸೇರಿದವರು ನಮ್ಮವರು ಹೇಗಾದರು ಎಂದು ಕೇಳಿದಳು. ತಿಮ್ಮಯ್ಯನವರನ್ನೂ ಕಾಡಿದ ಪ್ರಶ್ನೆಯೇ ಅದು. ಅಲಹಾಬಾದಿನಲ್ಲಿದ್ದಾಗ ಅವರೂ ಜೊತೆಯ ಭಾರತೀಯ ಅಧಿಕಾರಿಗಳೂ ಮೋತಿಲಾಲ್ ನೆಹರೂ ಅವರ ಬಳಿ, ಕೆಲಸ ಬಿಟ್ಟುಬಿಡಲೇ ಎಂದು ಕೇಳಿದ ಸಂಗತಿ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಬಿಡಬೇಡಿ, ಸ್ವತಂತ್ರ ಭಾರತಕ್ಕೆ ಪಳಗಿದ ಅಧಿಕಾರಿಗಳು ಬೇಕಾಗುತ್ತಾರೆ ಎಂಬ ಅರ್ಥದ ಉತ್ತರ ಸಿಕ್ಕಿತು. ಅವರು ಉಳಿದರು. ಅಣ್ಣ ಪೊನ್ನಪ್ಪ ಮುಂದೆ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದರು. ಒಂದೇ ತಾಯಿಯ ಮಕ್ಕಳು ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದೆ. ಯಾವುದು ಸರಿ ಎಂದು ಗುರುತು ಹಾಕಲಿಲ್ಲ. ತರಗತಿ ಇಬ್ಭಾಗವಾಗಿ ವಾದಿಸಿತು. ಗಂಟೆ ಹೊಡೆದದ್ದೂ ಯಾರಿಗೂ ಬೇಕಿರಲಿಲ್ಲ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. 1948ರ ನವೆಂಬರಿನಲ್ಲಿ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ್ದು, 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರ ಹುದ್ದೆ. 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕೈಲಾಂಚದಿಂದ ಬೆಳಗಿನ ಜಾವ ಬಸ್ಸು ಹೊರಡಿಸಿದರೆ ಮಕ್ಕಳಿಗೆ ತೋರಿಸಿಕೊಂಡು ರಾತ್ರಿಗೆ ಮರಳಬಹುದು.