ಬಿದಿರಿನ ಕೊಳವೆಗೆ ಗದ್ದುಗೆ ಕೊಡಿಸಿದಾತ: ಪನ್ನಾಲಾಲ್ ಘೋಷ್ ಕೊಳಲಿಗೆ ಸವಣೂರಿನ ನಂಟು

ದನ ಕಾಯುವ ಹುಡುಗನ ಕೈಲಿ ಕೊಳಲು, ಜಾತ್ರೆ ಬೀದಿಯಲ್ಲಿ ಕೊಳಲು, ಭಜನೆಯ ಮೂಲೆಯಲ್ಲಿ ಕೊಳಲು. ಹಿಂದೂಸ್ತಾನಿ ಸಂಗೀತದಲ್ಲಿ ಒಂದು ಕಾಲಕ್ಕೆ ಈ ಬಡಪಾಯಿ ವಾದ್ಯಕ್ಕಿದ್ದ ಮರ್ಯಾದೆ ಅಷ್ಟೇ. ಸಿತಾರ್, ಸರೋದ್, ಸಾರಂಗಿಗಳು ಜಮಖಾನೆಯ ಮೇಲೆ ಕೂತರೆ ಕೊಳಲು ಬಾಗಿಲ ಹೊರಗೆ! ದಕ್ಷಿಣದಲ್ಲಿ ಕುಂಭಕೋಣದ ಶರಭ ಶಾಸ್ತ್ರಿಗಳು ಆಗಲೇ ಅದಕ್ಕೆ ಕಛೇರಿ ಪಟ್ಟ ಕಟ್ಟಿದ್ದರು. ಉತ್ತರದಲ್ಲಿ ಆ ಕೆಲಸ ಬಾಕಿ ಉಳಿದಿತ್ತು. ಅದನ್ನು ಮಾಡಿ ಮುಗಿಸಿದ ಗಟ್ಟಿಗ ಪನ್ನಾಲಾಲ್ ಘೋಷ್. ಆತ ಬಂಗಾಳಿಯಾದರೂ ಅವರ ವಿದ್ಯೆ ಉಳಿದದ್ದರಲ್ಲಿ ನಮ್ಮ ಕಡೆಯವರ ಪಾಲು ದೊಡ್ಡದು.

ಪನ್ನಾಲಾಲ್ ಹುಟ್ಟಿದ್ದು 1911ರ ಜುಲೈ 24ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಬಾರಿಸಾಲ್‌ನಲ್ಲಿ. ನಿಜನಾಮ ಅಮಲ್ ಜ್ಯೋತಿ ಘೋಷ್. ತಂದೆ ಅಕ್ಷಯ ಕುಮಾರ್ ಘೋಷ್ ಸಿತಾರ್ ಬಲ್ಲವರು. ತಮ್ಮ ನಿಖಿಲ್ ಘೋಷ್ ಮುಂದೆ ತಬಲಾದಲ್ಲಿ ದೊಡ್ಡ ಹೆಸರು ಮಾಡಿದರು. ಮನೆಯಲ್ಲಿ ಸಂಗೀತವಿದ್ದರೂ ಹುಡುಗನಿಗೆ ಗರಡಿ ಹುಚ್ಚು. ಕುಸ್ತಿ, ಲಾಠಿ, ಬಾಕ್ಸಿಂಗ್ ಅಂತ ಮೈ ಹುರಿಗಟ್ಟಿಸಿಕೊಂಡಿದ್ದ. ಆ ಎದೆಗೂಡಿನ ಬಲವೇ ಮುಂದೆ ಉದ್ದನೆಯ ಕೊಳಲಿಗೆ ಉಸಿರಾಯಿತು.

ಹೊಟ್ಟೆಪಾಡಿಗೆ ಕಲ್ಕತ್ತಾ ಸೇರಿದರು. ನ್ಯೂ ಥಿಯೇಟರ್ಸ್ ಕಂಪನಿಯಲ್ಲಿ ರಾಯಚಂದ್ ಬೋರಾಲ್ ಅವರ ವಾದ್ಯಮೇಳದಲ್ಲಿ ಕೆಲಸ. ಶಾಸ್ತ್ರೀಯ ಪಾಠ ಕಲಿತದ್ದು ಹಾರ್ಮೋನಿಯಂ ವಿದ್ವಾಂಸ ಖುಷಿ ಮಹಮ್ಮದ್ ಖಾನ್ ಮತ್ತು ಗಾಯಕ ಗಿರಿಜಾಶಂಕರ್ ಚಕ್ರವರ್ತಿಯವರ ಹತ್ತಿರ. ಒಬ್ಬರೂ ಕೊಳಲಿನವರಲ್ಲ ನೋಡಿ! ಕೊಳಲಲ್ಲಿ ಖಯಾಲ್ ಹೇಳಿಕೊಡುವವರೇ ಇರಲಿಲ್ಲ. ಹಾಡುಗಾರಿಕೆಯನ್ನು ಕಲಿತು ಅದನ್ನು ಬಿದಿರಿಗೆ ಇಳಿಸುವ ಕಷ್ಟವೆಲ್ಲ ಇವರದೇ.

ಏಳನೇ ತೂತಿನ ಗುಟ್ಟು

ಆಗಿನ ಚಿಕ್ಕ ಕೊಳಲಿನ ದನಿ ಕೀಚಲು. ಭಾವಗೀತೆಗೆ ಸೈ, ಆದರೆ ಗಂಭೀರ ರಾಗದ ಆಲಾಪಕ್ಕೆ ಸಾಲದು. ಪನ್ನಾಲಾಲ್ ಬೇರೆಬೇರೆ ವಸ್ತು, ಬೇರೆಬೇರೆ ಅಳತೆಯ ಕೊಳಲುಗಳನ್ನು ಮಾಡಿಸಿ ನೋಡಿದರು. ಕಡೆಗೆ ನಿಂತದ್ದು ಬಿದಿರಿಗೇ. ಉದ್ದ 32 ಅಂಗುಲ, ಅಂದ್ರೆ ಎರಡೂವರೆ ಅಡಿಗೂ ಮಿಕ್ಕಿದ್ದು. ಬೆರಳು ಅಗಲಿಸಿ ಹಿಡಿಯುವುದೇ ಒಂದು ಸಾಹಸ. ಆದರೆ ದನಿ ಬಂತು ನೋಡಿ, ಮಂದ್ರದಲ್ಲಿ ಗಂಡಸು ಹಾಡಿದ ಹಾಗೆ!

ಇನ್ನೊಂದು ತೊಡಕಿತ್ತು. ಆರು ತೂತಿನ ಕೊಳಲಲ್ಲಿ ತೀವ್ರ ಮಧ್ಯಮಕ್ಕೆ ಎಲ್ಲ ಬೆರಳು ಎತ್ತಬೇಕು. ಅದರ ಮುಂದಿನ ಪಂಚಮಕ್ಕೆ ಎಲ್ಲ ಬೆರಳು ಒಮ್ಮೆಗೇ ಮುಚ್ಚಬೇಕು. ಗಾಯಕ ಒಂದು ಸ್ವರದಿಂದ ಇನ್ನೊಂದಕ್ಕೆ ನಯವಾಗಿ ಜಾರಿದರೆ ಕೊಳಲು ಅಲ್ಲಿ ಜಿಗಿಯಬೇಕಾಗಿತ್ತು. ಯಮನ್‌ನಂಥ ರಾಗಕ್ಕೆ ಇದು ದೊಡ್ಡ ಊನ. ಪನ್ನಾಲಾಲ್ ಕೆಳಗೆ ಕಿರುಬೆರಳಿಗೆ ಏಳನೇ ತೂತು ಕೊರೆದರು. ಏಳೂ ಮುಚ್ಚಿದರೆ ತೀವ್ರ ಮಧ್ಯಮ, ಕಿರುಬೆರಳು ಎತ್ತಿದರೆ ಪಂಚಮ. ಕೆಲಸ ಚಿಕ್ಕದು, ಫಲ ದೊಡ್ಡದು.

1938ರಲ್ಲಿ ಸೆರೈಕೆಲಾ ನೃತ್ಯ ತಂಡದ ಜತೆ ಯುರೋಪಿಗೆ ಹೋಗಿಬಂದರು. 1940ರಲ್ಲಿ ಮುಂಬಯಿಗೆ ಬಂದರು. ಹೆಂಡತಿ ಪಾರುಲ್ ಘೋಷ್ ಹಿನ್ನೆಲೆ ಗಾಯಕಿ, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ ಅವರ ತಂಗಿ. 1942ರ 'ಬಸಂತ್' ಚಿತ್ರಕ್ಕೆ ಸಂಗೀತ ನಿರ್ದೇಶಕರೆಂದು ಪನ್ನಾಲಾಲರ ಹೆಸರೇ ಬಂತು. ಸಿನಿಮಾದಲ್ಲಿ ಕಾಸಿತ್ತು, ಕೀರ್ತಿಯಿತ್ತು. ಬೇರೆಯವರಾಗಿದ್ದರೆ ಅಲ್ಲೇ ಚಾಪೆ ಹಾಸಿಬಿಡುತ್ತಿದ್ದರು. ಆದರೆ ಈ ಮನುಷ್ಯ 1947ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಹೆಸರು ಮಾಡಿದ ಮೇಲೆ, ಮೈಹರ್‌ನ ಉಸ್ತಾದ್ ಅಲ್ಲಾವುದ್ದೀನ್ ಖಾನ್ ಅವರ ಮುಂದೆ ಮತ್ತೆ ಶಿಷ್ಯನಾಗಿ ಕೂತರು. ಕಲಿತದ್ದು ಸಾಲದು ಅಂತ ಅನ್ನಿಸಿದಾಗ ನಾಚಿಕೆ ಪಡದೆ ಕಲಿಯುವುದು ಎಷ್ಟು ಜನಕ್ಕೆ ಸಾಧ್ಯ?

1956ರಲ್ಲಿ ದೆಹಲಿ ಆಕಾಶವಾಣಿಯ ವಾದ್ಯವೃಂದದ ಹೊಣೆ ಹೊತ್ತರು. ಅದೇ ವರ್ಷದ 'ಬಸಂತ್ ಬಹಾರ್' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿಗೆ ಜೋಡಿಯಾಗಿ ಕೇಳುವ ಕೊಳಲು ಇವರದೇ. ದೀಪಾವಳಿ, ನೂಪುರಧ್ವನಿ, ಚಂದ್ರಮೌಳಿ ಎಂಬ ಹೊಸ ರಾಗಗಳನ್ನೂ ಕಟ್ಟಿದರು. ಆದರೆ ಆಯುಸ್ಸು ಕೈಕೊಟ್ಟಿತು. 1960ರ ಏಪ್ರಿಲ್ 20ರಂದು ದೆಹಲಿಯಲ್ಲಿ ತೀರಿಕೊಂಡರು. ಐವತ್ತೂ ತುಂಬಿರಲಿಲ್ಲ.

ಯಾರು ಕಾಯಬೇಕು?

ಹಿಂದೆ ಘರಾಣೆ ಇಲ್ಲ, ಮುಂದೆ ಮಠ ಇಲ್ಲ. ಗುರು ಹೋದ ಮೇಲೆ ವಿದ್ಯೆ ಉಳಿಯುವುದೇ? ಇಲ್ಲಿ ಬರುತ್ತೆ ನಮ್ಮ ಊರಿನ ಮಾತು. ಎಲೆಗೂ ಖಾರಕ್ಕೂ ಹೆಸರಾದ ಸವಣೂರು ಆಗ ಧಾರವಾಡ ಜಿಲ್ಲೆಯ ಊರು, 1997ರಿಂದ ಹಾವೇರಿ ಜಿಲ್ಲೆಯದು. ಅಲ್ಲಿ 1923ರಲ್ಲಿ ಹುಟ್ಟಿದ ದೇವೇಂದ್ರ ಮುರ್ಡೇಶ್ವರ್ ಮುಂಬಯಿ ಸೇರಿ ಪನ್ನಾಲಾಲರ ಶಿಷ್ಯರಾದರು. ಶಿಷ್ಯನ ಮೇಲೆ ಗುರುವಿಗೆ ಎಷ್ಟು ಭರವಸೆ ಅಂದರೆ, ಮಗಳನ್ನೇ ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡರು. ಮಾವ ಹೋದ ಮೇಲೆ ನಾಲ್ಕು ದಶಕ, 2000ದಲ್ಲಿ ತಾವು ಕಣ್ಣು ಮುಚ್ಚುವ ತನಕ, ಮುರ್ಡೇಶ್ವರರು ಆ ಏಳು ತೂತಿನ ಕೊಳಲನ್ನು ನುಡಿಸಿದರು, ಕಲಿಸಿದರು.

ಅವರೊಬ್ಬರೇ ಅಲ್ಲ. ಪನ್ನಾಲಾಲರ ಶಿಷ್ಯರಲ್ಲಿ ವಿ. ಜಿ. ಕಾರ್ನಾಡ್ ಇದ್ದರು, ನಿರಂಜನ ಹಳದೀಪುರ ಇದ್ದರು. ಮುರ್ಡೇಶ್ವರ ಭಟ್ಕಳ ತಾಲೂಕಿನದು, ಹಳದೀಪುರ ಹೊನ್ನಾವರದ್ದು, ಕಾರ್ನಾಡು ಮೂಲ್ಕಿ ಕಡೆಯದು. ಬಂಗಾಳಿಯ ಕೊಳಲಿನ ಪರಂಪರೆಯಲ್ಲಿ ಕರಾವಳಿಯ ಊರುಗಳ ಹೆಸರೇ ಸಾಲಾಗಿ ಕೂತಿವೆ! ನಿರಂಜನರ ಮಗ ನಿತ್ಯಾನಂದ ಹಳದೀಪುರ ಈ ದಾರಿಯಲ್ಲೇ ನಡೆದು ದೊಡ್ಡ ಹೆಸರು ಗಳಿಸಿದರು.

ಉದ್ದನೆಯ ಕೊಳಲು ಇಂದು ದೇಶದ ಎಲ್ಲ ವೇದಿಕೆಗಳ ಮೇಲಿದೆ. ಏಳನೇ ತೂತನ್ನು ಹಲವರು ಕೈಬಿಟ್ಟಿದ್ದಾರೆ. ಅದನ್ನು ಹೆಚ್ಚಾಗಿ ಉಳಿಸಿಕೊಂಡವರು ಪನ್ನಾಲಾಲ್ ಪರಂಪರೆಯವರು. ಸಂಘ ಕಟ್ಟಿ, ಫಲಕ ಹಾಕಿ ಕಾಪಾಡುವ ವಿದ್ಯೆ ಒಂದು ಬಗೆಯದು. ಗುರುವಿನ ಮಾತು ನಂಬಿ ದಿನಾ ಕಿರುಬೆರಳು ಚಾಚಿ ಅಭ್ಯಾಸ ಮಾಡಿ ಕಾಪಾಡುವುದು ಇನ್ನೊಂದು ಬಗೆ. ಸವಣೂರಿನವರು ಮಾಡಿದ್ದು ಎರಡನೆಯದು. ಈ ಸಂಗತಿ ಸವಣೂರು ಬಸ್ಸು ಹತ್ತುವ ಎಷ್ಟು ಮಂದಿಗೆ ಗೊತ್ತು? ಇನ್ನಾದರೂ ಗೊತ್ತಿರಲಿ.