ಶ್ರೀ ಜಗನ್ನಾಥದಾಸರು: ದಾನವಾಗಿ ಬಂದ ಆಯುಷ್ಯ

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟವನ್ನು ಕಂಡಾಗ ನಮಗೆ ಜಟಾಯುವಿನ ನೆನಪಾಗುವುದು ಸಹಜ. ಸೀತಾದೇವಿಯನ್ನು ಬಿಡಿಸಲು ಹೋರಾಡಿದ ಆ ಪಕ್ಷಿರಾಜನು ರೆಕ್ಕೆ ಕಳೆದುಕೊಂಡು ಬಿದ್ದುದು ಇಲ್ಲಿಯೇ ಎಂಬುದು ಸ್ಥಳಪುರಾಣ. ತನ್ನ ಆಯುಷ್ಯವನ್ನು ಹೀಗೆ ಪರರಿಗಾಗಿ ಸಲ್ಲಿಸಿದ ಇನ್ನೊಂದು ಪ್ರಸಂಗವು ನಮ್ಮ ದಾಸಸಾಹಿತ್ಯದ ಚರಿತ್ರೆಯಲ್ಲಿದೆ. ಭಾದ್ರಪದ ಶುದ್ಧ ನವಮಿಯಂದು ಆರಾಧನೆಗೊಳ್ಳುವ ಶ್ರೀ ಜಗನ್ನಾಥದಾಸಾರ್ಯರ ಜೀವನವು ಆ ದಾನದಿಂದಲೇ ಬೆಳಗಿತು.

ಸಹ್ಲಾದಾಂಶರೆಂದು ಭಕ್ತರು ನಂಬುವ ದಾಸರು 1728ರಲ್ಲಿ ರಾಯಚೂರು ಸೀಮೆಯ ಬ್ಯಾಗವಟ್ಟಿಯಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತ ಶಾಸ್ತ್ರಗಳಲ್ಲಿ ಅವರದು ಅಸಾಧಾರಣ ಪಾಂಡಿತ್ಯ. ಅದರೊಡನೆ ಕನ್ನಡದಲ್ಲಿ ಹಾಡುವ ದಾಸರ ಬಗೆಗೆ ತಾತ್ಸಾರವೂ ಬೆಳೆದಿತ್ತು. ಮಾನವಿಗೆ ಬಂದ ಶ್ರೀ ವಿಜಯದಾಸರು ಪ್ರಸಾದಕ್ಕೆ ಕರೆದಾಗ, ಹೊಟ್ಟೆನೋವೆಂಬ ನೆಪವೊಡ್ಡಿ ಅವರು ತಪ್ಪಿಸಿಕೊಂಡರು. ನೆಪವೇ ನಿಜವಾಯಿತು. ವ್ಯಾಧಿಯು ಪ್ರಾಣಾಂತಿಕವಾಗಿ, ವಿದ್ಯೆಯಾಗಲಿ ಕೀರ್ತಿಯಾಗಲಿ ಆಸರೆಯಾಗದ ಸ್ಥಿತಿ ಒದಗಿತು. ಮೃತ್ಯುವಿನ ಎದುರಿನಲ್ಲಿ ಅಹಂಕಾರವು ಕರಗಿತು.

ಪಶ್ಚಾತ್ತಾಪದಿಂದ ಶರಣುಬಂದ ಅವರನ್ನು ವಿಜಯದಾಸರು ಉತ್ತನೂರಿನ ಶ್ರೀ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗುರುಗಳ ಇಚ್ಛೆಯನ್ನರಿತ ಗೋಪಾಲದಾಸರು, ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ, ತಮ್ಮ ಆಯುಷ್ಯದ 40 ವರ್ಷಗಳನ್ನು ಅದರೊಡನೆ ಧಾರೆಯೆರೆದರೆಂದು ಸಂಪ್ರದಾಯವು ಹೇಳುತ್ತದೆ. 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ಅವರು ಹರಿಪುರವನ್ನು ಸೇರಿದರು.

ದೊರೆತ ಆ ಕಾಲವನ್ನು ಶ್ರೀನಿವಾಸಾಚಾರ್ಯರು ತಮ್ಮದೆಂದು ಬಗೆಯಲಿಲ್ಲ. ಪಂಢರಪುರದಲ್ಲಿ ಜಗನ್ನಾಥವಿಠಲಾಂಕಿತವನ್ನು ಪಡೆದು ದಾಸರಾದರು. ತಾವು ಹಿಂದೆ ಹಗುರವಾಗಿ ಕಂಡ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು. ಸಂಸ್ಕೃತವನ್ನರಿಯದ ಮನೆಮಂದಿಗೂ, ನಮ್ಮ ತಾಯಂದಿರಿಗೂ, ತಾರತಮ್ಯ ಪಂಚಭೇದಗಳ ತತ್ತ್ವವು ಅದರಿಂದ ಸುಲಭವಾಯಿತು. 1809ರಲ್ಲಿ ಮಾನವಿಯಲ್ಲಿ ದೇಹವನ್ನು ಬಿಡುವವರೆಗೂ ಅವರು ಆ ಋಣವನ್ನು ಮರೆಯಲಿಲ್ಲ.

ನಾವು ಯಾರಿಂದಲೂ 40 ವರ್ಷಗಳನ್ನು ಪಡೆದಿಲ್ಲವೆಂದು ತೋರಬಹುದು. ಆದರೆ ದಿನಕ್ಕೆ 21,600 ಬಾರಿ ನಮ್ಮೊಳಗೆ ಹಂಸಮಂತ್ರವನ್ನು ಜಪಿಸುವವರು ಮುಖ್ಯಪ್ರಾಣದೇವರಲ್ಲವೇ? ನಮ್ಮ ಒಂದೊಂದು ಉಸಿರೂ ದಾನವೇ ಆಗಿದೆ. ಅದು ಎಂದು ನಿಲ್ಲುವುದೋ ನಾವರಿಯೆವು. ಆದುದರಿಂದ ಕ್ಷಮೆ ಬೇಡಬೇಕಾದವರಲ್ಲಿಗೆ ಇಂದೇ ಹೋಗೋಣ. ಓದಬೇಕೆಂದಿದ್ದ ಸಂಧಿಯನ್ನು ಈ ಆರಾಧನೆಯಂದೇ ಆರಂಭಿಸೋಣ.

ಶ್ರೀಕೃಷ್ಣಾರ್ಪಣಮಸ್ತು.