ದೊಡ್ಡಸ್ವಾಮಿಯವರು

ಚನ್ನರಾಯಪಟ್ಟಣ ಸೀಮೆಯ ದಂಡಿಗನಹಳ್ಳಿ ಹೋಬಳಿಯಲ್ಲಾಗಲಿ, ಅದರಾಚೆಯ ಹಾಸನದ ಕಡೆಯಲ್ಲಾಗಲಿ, ಒಕ್ಕಲುತನವೇ ಜನರ ಬಾಳಿಗೆ ಆಧಾರವು. ರಾಗಿಯ ಹೊಲ, ತೆಂಗಿನ ತೋಟ, ಕೆರೆ, ಕಣ ಇವುಗಳ ನಡುವೆ ಬೆಳೆದು ವಿದ್ಯೆಗಾಗಿ ಮಿಷನ್ ಶಾಲೆಗಳನ್ನು ಸೇರಿದ ಬಾಲಿಕೆಯರು ಅನೇಕರು. ಕ್ರೈಸ್ತ ಸಭೆ ಎಂದರೆ ಪಟ್ಟಣದ ಗೋಪುರ, ಘಂಟೆ, ಬೆಂಚುಗಳೇ ಎಂದು ಅವರಲ್ಲಿ ಕೆಲವರು ಭಾವಿಸುವುದುಂಟು. ಆದರೆ ಇದೇ ಹಾಸನದ ಸೀಮೆಯಲ್ಲಿ, ಇನ್ನೂರು ವರ್ಷಗಳಿಗೂ ಹಿಂದೆ, ಒಬ್ಬ ಮಹನೀಯರು ಸಭೆಯನ್ನು ನೇಗಿಲಿನಿಂದ ಆರಂಭಿಸಿದರು. ಅವರೇ ಅಬ್ಬೆ ದುಬಾಯ್. ಅವರ ಗ್ರಂಥದ ಮೂಲಕ ಅವರ ಹೆಸರನ್ನು ಲೋಕವೆಲ್ಲ ಬಲ್ಲದು. ಅವರು ಕಟ್ಟಿದ ಊರಿನ ಸಂಗತಿಯನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಲು ಬಯಸುತ್ತೇವೆ.

ಜಾನ್ ಆಂತ್ವಾನ್ ದುಬಾಯ್ ಅವರು ಫ್ರಾನ್ಸ್ ದೇಶದ ದಕ್ಷಿಣಭಾಗದಲ್ಲಿ, ಆರ್ದೇಶ್ ಎಂಬ ಸೀಮೆಯ ಒಂದು ಗ್ರಾಮದಲ್ಲಿ ಜನಿಸಿದವರು. 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಆ ದೇಶವು ಮಹಾಕ್ರಾಂತಿಯ ಉರಿಯಲ್ಲಿ ಬೇಯುತ್ತಿದ್ದಿತು. ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪರವಾಗಿ ಹಡಗನ್ನೇರಿ ಪುದುಚೇರಿಯ ಮಿಷನ್ನಿಗೆ ಬಂದು ಸೇರಿದರು. ಕೆಲವು ವರ್ಷ ತಮಿಳು ನಾಡಿನ ಹಳ್ಳಿಗಳಲ್ಲಿ ದುಡಿದು ಜನರ ಭಾಷೆಯನ್ನೂ ನಡೆನುಡಿಗಳನ್ನೂ ಕಲಿತರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಮೈಸೂರು ಸೀಮೆಯ ಕ್ರೈಸ್ತರ ಸ್ಥಿತಿ ಆಗ ಬಹು ಶೋಚನೀಯವಾಗಿದ್ದಿತು. 1784ರಲ್ಲಿ ಕೆನರಾ ಸೀಮೆಯಿಂದ ಸೆರೆಯಾಗಿ ಬಂದಿದ್ದವರಲ್ಲಿ ಎಷ್ಟೋ ಮಂದಿ ಮಡಿದಿದ್ದರು; ಉಳಿದವರು ದಿಕ್ಕಾಪಾಲಾಗಿದ್ದರು. ಮೊದಲಿನಿಂದ ಈ ನಾಡಿನಲ್ಲೇ ಇದ್ದ ಕ್ರೈಸ್ತರಿಗೂ ಗುರುಗಳಿರಲಿಲ್ಲ, ದೇವಾಲಯಗಳು ಹಾಳಾಗಿದ್ದವು. ಇಂಥ ಸಮಯದಲ್ಲಿ ದುಬಾಯ್ ಅವರು ಮೈಸೂರು ಸೀಮೆಗೆ ಬಂದು, ಚದುರಿದ ಮಂದೆಯನ್ನು ಒಂದುಗೂಡಿಸುವ ಭಾರವನ್ನು ಹೊತ್ತರು.

ಅವರು ಮೊದಲು ತಮ್ಮನ್ನೇ ಬದಲಾಯಿಸಿಕೊಂಡರು. ಪರದೇಶದ ಉಡುಪನ್ನು ಬಿಟ್ಟು ನಿಲುವಂಗಿ ತೊಟ್ಟರು. ತಲೆಗೆ ರುಮಾಲು ಸುತ್ತಿದರು. ಗಡ್ಡ ಬಿಟ್ಟು ಕೈಯಲ್ಲಿ ಕೋಲು ಹಿಡಿದು ಊರೂರು ಸುತ್ತಿದರು. ಊಟ, ಮಾತು, ಮರ್ಯಾದೆ ಎಲ್ಲದರಲ್ಲಿಯೂ ನಾಡಿನ ಪದ್ಧತಿಯನ್ನೇ ಹಿಡಿದರು. ಆದುದರಿಂದ ಇತರ ಮತಸ್ಥರೂ ಅವರನ್ನು ಗೌರವದಿಂದ ಬರಮಾಡಿಕೊಳ್ಳುತ್ತಿದ್ದರು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಈ ಹೆಸರು ಅವರು ದೇಶಕ್ಕೆ ಹಿಂದಿರುಗಿ ಎಷ್ಟೋ ಕಾಲವಾದ ಮೇಲೂ ಮೈಸೂರು ಸೀಮೆಯಲ್ಲಿ ಉಳಿದಿದ್ದಿತು.

ಆದರೆ ಉಡುಪಿನಿಂದ ಮಾತ್ರ ಸಭೆಯು ಏಳುವುದಿಲ್ಲವಷ್ಟೆ. ಊರಿಗೊಂದು ಮನೆಯಂತೆ ಚದುರಿರುವ ಕ್ರೈಸ್ತ ಕುಟುಂಬದ ಕಷ್ಟವನ್ನು ನಮ್ಮ ಓದುಗರೇ ಯೋಚಿಸಿಕೊಳ್ಳಲಿ. ಮಗಳಿಗೆ ವರನನ್ನು ಎಲ್ಲಿ ಹುಡುಕಬೇಕು? ಸಾವಾದರೆ ಹೆಗಲು ಕೊಡುವವರಾರು? ಮಕ್ಕಳಿಗೆ ಪ್ರಾರ್ಥನೆ ಕಲಿಸುವವರಾರು? ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಉಪದೇಶವನ್ನಷ್ಟೇ ಕೊಟ್ಟರೆ ಅದು ಬೇರೂರುವುದೇ? ಬಡತನಕ್ಕೂ ಒಂಟಿತನಕ್ಕೂ ಒಂದೇ ಮದ್ದಾಗಿ ದೊಡ್ಡಸ್ವಾಮಿಯವರು ಕ್ರೈಸ್ತ ಒಕ್ಕಲುಗಳ ನೆಲೆಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ಹಳ್ಳಿ ಎಂಬುದು ಈ ನಾಡಿನ ಅತ್ಯಂತ ಹಳೆಯ ಕೂಟ. ನೆರೆಹೊರೆ, ಮುಯ್ಯಾಳು, ಕಣದ ಸುಗ್ಗಿ ಎಲ್ಲವೂ ಅದರಲ್ಲುಂಟು. ಅದೇ ಹಳೆಯ ಪಾತ್ರೆಯಲ್ಲಿ ಅವರು ಹೊಸ ಬಾಳನ್ನು ತುಂಬಲು ಯತ್ನಿಸಿದರು. ಉಳುವ ನೆಲವೂ ಪ್ರಾರ್ಥನೆಯ ಮನೆಯೂ ಒಂದೇ ಊರಿನಲ್ಲಿದ್ದರೆ, ಸಭೆಯು ಭಾನುವಾರದ ಮಾತಾಗಿರದೆ ವಾರದ ಏಳು ದಿನಗಳ ಬಾಳುವೆಯಾಗುವುದು.

ದೇಹದ ಆರೋಗ್ಯವನ್ನೂ ಅವರು ಮರೆಯಲಿಲ್ಲ. ಸಿಡುಬಿಗೆ ಪ್ರತಿಯಾದ ದಾಕು ಹಾಕುವ ವಿದ್ಯೆ ಹಿಂದೂದೇಶಕ್ಕೆ ಬಂದುದು 1802ರಲ್ಲಿ. ಜನರು ಅದಕ್ಕೆ ಅಂಜುತ್ತಿದ್ದರು. ದೊಡ್ಡಸ್ವಾಮಿಯವರು ತಮ್ಮ ಮೇಲಣ ನಂಬುಗೆಯನ್ನೇ ಬಂಡವಾಳವಾಗಿಟ್ಟು ಆ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಹರಡಿದರು. 1803ರ ಸೆಪ್ಟೆಂಬರಿನಿಂದ 1804ರ ಏಪ್ರಿಲ್‌ವರೆಗೆ ದಾಕು ಹಾಕಿಸಿಕೊಂಡವರ ಲೆಕ್ಕ 25,432 ಎಂದು ದಾಖಲೆಯಾಗಿದೆ. ಎಂಟೇ ತಿಂಗಳುಗಳಲ್ಲಿ ಎಷ್ಟು ಮನೆಗಳ ತೊಟ್ಟಿಲು ಬರಿದಾಗದೆ ಉಳಿದಿರಬಹುದೆಂಬುದನ್ನು ತಾಯಂದಿರು ಬಲ್ಲರು.

ಅವರ ಗ್ರಂಥದ ವಿಚಾರವಾಗಿ ಎರಡು ಮಾತು. ಹಿಂದೂ ಜನರ ನಡವಳಿಕೆ, ಪದ್ಧತಿ, ಆಚಾರಗಳನ್ನು ಕುರಿತು ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದರು. ಚನ್ನರಾಯಪಟ್ಟಣ ಸೀಮೆಯ ಶ್ರವಣಬೆಳಗೊಳದ ಪ್ರಸ್ತಾಪವೂ ಅದರಲ್ಲುಂಟು. ಅದರಲ್ಲಿ ಈ ದೇಶದವರ ಮೇಲೆ ಹೊರಿಸಿದ ಕಟುವಾದ ತೀರ್ಪುಗಳೂ ಇವೆ. ಅವನ್ನು ನಾವು ಒಪ್ಪಲಾರೆವು. ಅದರ ಎಷ್ಟೋ ಭಾಗಗಳು ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸ್ವಿತ್ ಗುರುಗಳ ಬರಹದಿಂದ ಬಂದವೆಂದು ವಿದ್ವಾಂಸರು 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಹಿರಿಯರ ಚರಿತ್ರೆಯನ್ನು ಹೇಳುವಾಗ ಅವರ ಕುಂದುಗಳನ್ನು ಮುಚ್ಚುವುದು ಧರ್ಮವಲ್ಲ.

ಇನ್ನು ಅವರ ಬಾಳಿನ ಅತ್ಯಂತ ದುಃಖಕರವಾದ ಭಾಗವನ್ನು ಹೇಳಬೇಕು. ಮೂವತ್ತು ವರ್ಷಗಳ ದುಡಿಮೆಯ ತರುವಾಯ ದೊಡ್ಡಸ್ವಾಮಿಯವರು ಎದೆಗುಂದಿದರು. ಹೊಸದಾಗಿ ಸಭೆಗೆ ಸೇರಿದವರನ್ನು ಎಣಿಸಿದರು. ಇನ್ನೂರು ಮುನ್ನೂರಕ್ಕಿಂತ ಹೆಚ್ಚು ಕಾಣಲಿಲ್ಲ. ಅವರಲ್ಲಿಯೂ ಬಹುಮಂದಿಯ ನಂಬಿಕೆಯನ್ನು ಅವರು ಶಂಕಿಸಿದರು. ಈ ದೇಶದಲ್ಲಿ ಕ್ರೈಸ್ತಮತಕ್ಕೆ ಮುಂದಿನ ದಾರಿಯೇ ಇಲ್ಲವೆಂದು ತೀರ್ಮಾನಿಸಿ, 1823ರ ಜನವರಿಯಲ್ಲಿ ಹಡಗನ್ನೇರಿ ಹಿಂದಿರುಗಿದರು. ಅದೇ ವರ್ಷ ಆ ಅಭಿಪ್ರಾಯವನ್ನು ಪತ್ರಗಳ ರೂಪದಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಮರುವರ್ಷವೇ ಹಫ್ ಮತ್ತು ಟೌನ್ಲಿ ಎಂಬ ಪ್ರೊಟೆಸ್ಟೆಂಟ್ ಪಾದ್ರಿಗಳು ಅವರಿಗೆ ಪ್ರತ್ಯುತ್ತರವಾಗಿ ಪುಸ್ತಕಗಳನ್ನು ಬರೆದರು. ದೊಡ್ಡಸ್ವಾಮಿಯವರು ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದ ಮುಖ್ಯಸ್ಥರಾಗಿಯೂ ಸೇವೆಮಾಡಿ, 1848ರ ಫೆಬ್ರುವರಿಯಲ್ಲಿ ದೈವಾಧೀನರಾದರು. ಮೈಸೂರು ಸೀಮೆಯನ್ನು ಮತ್ತೆ ನೋಡಲಿಲ್ಲ.

ಅವರು ಸೋತರೇ? ಹಾಗೆಂದು ನಾವು ಹೇಳಲಾರೆವು. ಅವರು ಎಣಿಸಿದುದು ತಲೆಗಳನ್ನು. ನೆಟ್ಟುದು ಒಂದು ಊರನ್ನು. ಊರಿನ ಬೆಳೆಯನ್ನು ಒಂದೇ ಸುಗ್ಗಿಯಲ್ಲಿ ಅಳೆಯಲಾಗದು. ಸಾತಳ್ಳಿಯ ಒಕ್ಕಲು ನೆಲೆಯು ಅವರು ಹೋದ ಮೇಲೂ ಉಳಿಯಿತು. ಹಾಸನದ ಸೀಮೆಯಲ್ಲಿ ಹಳ್ಳಿಯ ಕ್ರೈಸ್ತ ಬಾಳು ಮುಂದುವರಿಯಿತು. ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ದಡದಲ್ಲಿ, ತರುವಾಯ ಬಂದ ಫ್ರೆಂಚ್ ಗುರುಗಳು 1860ರ ಸುಮಾರಿನಲ್ಲಿ ಭವ್ಯವಾದ ದೇವಾಲಯವನ್ನು ಕಟ್ಟಿಸಿದರು. ಮುಂದೆ ಗೊರೂರಿನ ಅಣೆಕಟ್ಟಿನ ನೀರು ಏರಿ ಬರಲು, ಜನರು ಊರನ್ನು ಬಿಡಬೇಕಾಯಿತು. ಮಳೆಗಾಲದಲ್ಲಿ ನೀರಿನಿಂದ ಮೇಲೆದ್ದು ಕಾಣುವ ಅದರ ಮುರಿದ ಗೋಡೆಗಳನ್ನು ನೋಡಲು ದೂರದೂರದಿಂದ ಜನ ಬರುವರು. ಕಲ್ಲಿನ ದೇವಾಲಯ ಹಾಳಾಯಿತು. ಜನರು ಬೇರೆಡೆ ಮನೆ ಕಟ್ಟಿ ಬಾಳಿದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮದುವೆಯಾಗಿಯೋ ಉದ್ಯೋಗಕ್ಕಾಗಿಯೋ ದೂರದ ಊರುಗಳನ್ನು ಸೇರಿರುವ ನಿಮ್ಮಲ್ಲಿ ಹಲವರಿಗೆ ಹತ್ತಿರದಲ್ಲಿ ದೇವಾಲಯವಿರಲಿಕ್ಕಿಲ್ಲ. ಆ ಊರಿಗೆ ನಿಮ್ಮದೊಂದೇ ಮನೆಯಿರಬಹುದು. ಎದೆಗುಂದಬೇಡಿರಿ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಮಾಡುವ ಪ್ರಾರ್ಥನೆ, ಕಾಯಿಲೆಯಾದ ನೆರೆಮನೆಯವರಿಗೆ ಒಯ್ದುಕೊಡುವ ಗಂಜಿ, ಅಕ್ಷರ ಬಾರದ ಹುಡುಗಿಗೆ ಕಲಿಸುವ ನಾಲ್ಕಕ್ಷರ, ಇವೆಲ್ಲವೂ ಸಭೆಯೇ. ಅದರ ಫಲವನ್ನು ನೀವು ಕಾಣದೆ ಹೋಗಬಹುದು. ದೊಡ್ಡಸ್ವಾಮಿಯವರೂ ಕಾಣಲಿಲ್ಲ.